ತಂಬೂರಿಯ ಮುಂದೆ ವೈಬ್ರಾಟೊ

ಪಾಶ್ಚಾತ್ಯ ಪದ್ಧತಿಯ ಪಿಟೀಲುವಾದಕರು ದೀರ್ಘಸ್ವರವೊಂದರ ಮೇಲೆ ಬೆರಳೂರಿ ಎಡಗೈಯನ್ನು ಹಿತವಾಗಿ ಅಲುಗಿಸುವುದನ್ನು ಟಿವಿಯಲ್ಲಾದರೂ ನೋಡದವರು ಕಡಿಮೆ. ಆ ವೈಬ್ರಾಟೊವನ್ನು ನಡುವಯಸ್ಸು ದಾಟುವ ಹೊತ್ತಿಗೆ ಕಲಿಯಲು ಹೊರಟ ನನಗೆ ಒಂದು ಸಂಗತಿ ಬಹಳ ಕಾಲ ಬಗೆಹರಿಯದೆ ಉಳಿದಿತ್ತು. ಮನೆಯಲ್ಲಿ ಬರಿಯ ಪಿಟೀಲು ಹಿಡಿದು ನಿಂತರೆ ಕೈ ತಕ್ಕಮಟ್ಟಿಗೆ ಮಾತು ಕೇಳುತ್ತಿತ್ತು. ಅದೇ ಸ್ವರವನ್ನು ಅದೇ ಬೆರಳಿನಿಂದ, ಶ್ರುತಿಪೆಟ್ಟಿಗೆಯ ತಂಬೂರಿಯನ್ನು ಹಾಕಿಕೊಂಡು ನುಡಿಸಹೊರಟರೆ ಬೆರಳು ಅಲುಗಲು ಒಪ್ಪುತ್ತಲೇ ಇರಲಿಲ್ಲ. ಪೆಟ್ಟಿಗೆಯ ಗುಂಡಿಯನ್ನು ಆರಿಸಿದರೆ ಮತ್ತೆ ಅಲುಗುತ್ತಿತ್ತು. ಇದು ಕೈಯ ದೋಷವಾಗಿದ್ದರೆ ಎರಡೂ ಸಂದರ್ಭಗಳಲ್ಲಿ ಒಂದೇ ರೀತಿ ಇರಬೇಕಿತ್ತು. ಕೈಗೆ ಬಂದ ವಿದ್ಯೆಯನ್ನು ತಡೆಯುತ್ತಿದ್ದುದು ಬೇರೆ ಯಾವುದೋ ಆಗಿತ್ತು, ಮತ್ತು ಅದು ಏನೆಂದು ಯೋಚಿಸುತ್ತ ಹೋದಂತೆ ನಮ್ಮ ಸಂಗೀತದ ಬಗ್ಗೆಯೂ ಅವರ ಸಂಗೀತದ ಬಗ್ಗೆಯೂ ನಾನು ಎಂದೂ ಕೇಳಿಕೊಳ್ಳದಿದ್ದ ಕೆಲವು ಪ್ರಶ್ನೆಗಳು ಎದುರಾದವು.

ನಾನು ಬಾಲ್ಯದಲ್ಲಿ ಕಲಿತದ್ದು ಎಲ್ಲರಂತೆ ಕೆಳಗೆ ಕುಳಿತು ನುಡಿಸುವ ಪಿಟೀಲು. ಬಲಗಾಲನ್ನು ಮುಂದಕ್ಕಿಟ್ಟು ಅದರ ಹರಡಿನ ಬಳಿ ವಾದ್ಯದ ತಲೆಯ ತುದಿಯಲ್ಲಿರುವ ಸುರುಳಿಯನ್ನು ಊರಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿಕೊಂಡರೆ ವಾದ್ಯ ತನ್ನಷ್ಟಕ್ಕೆ ನಿಲ್ಲುತ್ತದೆ; ಎಡಗೈಗೆ ಹೊರುವ ಕೆಲಸವಿಲ್ಲ, ತಂತಿಯ ಉದ್ದಕ್ಕೂ ಜಾರುವುದೊಂದೇ ಅದರ ಕೆಲಸ. ಪಾಶ್ಚಾತ್ಯ ಕ್ರಮದಲ್ಲಿ ನಿಂತು, ಗದ್ದ ಮತ್ತು ಭುಜದ ನಡುವೆ ವಾದ್ಯವನ್ನು ಹಿಡಿದಾಗ ಸುರುಳಿಗೆ ನೆಲದ ಆಸರೆ ಇರುವುದಿಲ್ಲ. ವಾದ್ಯ ಜಾರಿಬಿಟ್ಟೀತೆಂಬ ಭಯದಿಂದ ಹೊಸಬರ ಹೆಬ್ಬೆರಳು ಒಂದು ಕಡೆಯಿಂದ, ತೋರುಬೆರಳಿನ ಬುಡ ಇನ್ನೊಂದು ಕಡೆಯಿಂದ ವಾದ್ಯದ ಕತ್ತನ್ನು ಬಿಗಿಯಾಗಿ ಅವುಚಿಕೊಳ್ಳುತ್ತವೆ. ಹೀಗೆ ಅವುಚಿದ ಕೈಯಿಂದ ವೈಬ್ರಾಟೊ ಹೊರಡುವುದು ಸಾಧ್ಯವೇ ಇಲ್ಲ. ಆದ್ದರಿಂದ ವೈಬ್ರಾಟೊದ ಮೊದಲ ಪಾಠವು ಅಲುಗಿಸುವ ಪಾಠವೇ ಅಲ್ಲ, ಹಿಡಿತ ಬಿಡುವ ಪಾಠ. ಇದನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಹೇಳಿದ ಮಾತ್ರಕ್ಕೆ ಕೈ ಬಿಡುವುದಿಲ್ಲ ಎಂಬುದು ಬೇರೆ ಮಾತು.

ಡಬ್ಬಿಯೊಳಗಿನ ಅಕ್ಕಿ

ನನಗೆ ಇದನ್ನು ಕಲಿಸಿದವರು ಮೈಸೂರಿನ ಲಷ್ಕರ್ ಮೊಹಲ್ಲಾದ ಹಿರಿಯರೊಬ್ಬರು. ಬಹುಕಾಲ ಚರ್ಚಿನಲ್ಲಿ ನುಡಿಸಿದವರು, ಮಾತು ಕಡಿಮೆ. ವೈಬ್ರಾಟೊ ಕಲಿಯಬೇಕು ಎಂದು ನಾನು ಕೇಳಿದ ದಿನ ಅವರು ಪಿಟೀಲನ್ನು ಪೆಟ್ಟಿಗೆಯಿಂದ ತೆಗೆಯಲೇ ಬಿಡಲಿಲ್ಲ. ಒಳಗೆ ಹೋಗಿ, ಹಳೆಯ ಕ್ಯಾಮೆರಾ ರೀಲು ಬರುತ್ತಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಕೈಗಿಟ್ಟರು. ಒಳಗೆ ನಾಲ್ಕೈದು ಅಕ್ಕಿಕಾಳು. "ಎಡಗೈಯಲ್ಲಿ ಹಿಡ್ಕೊಳ್ಳಿ, ಮುಖದ ಕಡೆಗೆ ತಿರುಗಿಸಿ. ಈಗ ಮಣಿಕಟ್ಟಿನಿಂದ ಅಲ್ಲಾಡಿಸಿ. ಕಾಳು ಮುಂದೆ ಒಂದು ಸಲ, ಹಿಂದೆ ಒಂದು ಸಲ ತಗಲ್ಬೇಕು. ಗಲಗಲ ಅಂತ ಕಲಸಿ ಹೋಗಬಾರದು," ಎಂದರು. ನಾನು ಅಲ್ಲಾಡಿಸಿದಾಗ ಕೇಳಿದ್ದು ಗಲಗಲವೇ. ಡಬ್ಬಿಯನ್ನು ಬಿಗಿಯಾಗಿ ಹಿಡಿದಷ್ಟೂ ಕಾಳುಗಳ ಸದ್ದು ಕಲಸಿಹೋಗುತ್ತಿತ್ತು. ಬೆರಳು ಸಡಿಲಿಸಿ, ಮೊಣಕೈಯಿಂದ ಕೆಳಗಿನ ಭಾರವನ್ನು ಸುಮ್ಮನೆ ತೂಗಲು ಬಿಟ್ಟಾಗ ಟಕ್ ಟಕ್ ಎಂದು ಬಿಡಿಬಿಡಿಯಾಗಿ ಕೇಳುತ್ತಿತ್ತು. "ಸರ್, ಹೀಗೆ ಎಷ್ಟು ಹೊತ್ತು?" ಎಂದೆ. "ಡಬ್ಬಿ ಮನೆಗೆ ತಗೊಂಡ್ ಹೋಗಿ," ಎಂದಷ್ಟೇ ಹೇಳಿದರು. ಆ ದಿನದ ಪಾಠ ಅಲ್ಲಿಗೆ ಮುಗಿಯಿತು.

ಮುಂದಿನ ಪಾಠಗಳಲ್ಲಿ ವಾದ್ಯ ಕೈಗೆ ಬಂದಿತು, ಆದರೆ ಕಮಾನು ಬರಲಿಲ್ಲ. ಪಿಟೀಲಿನ ಸುರುಳಿಗೆ ಒಂದು ಮಡಿಸಿದ ಕರವಸ್ತ್ರ ಸುತ್ತಿ, ಅದನ್ನು ಗೋಡೆಗೆ ಆನಿಸಿ ನಿಲ್ಲಲು ಹೇಳಿದರು. ಗೋಡೆ ವಾದ್ಯವನ್ನು ಹೊರುವುದರಿಂದ ಹೆಬ್ಬೆರಳಿಗೆ ಕೆಲಸ ತಪ್ಪುತ್ತದೆ. ಆಗ ಎರಡನೆಯ ಬೆರಳನ್ನು ತಂತಿಯ ಮೇಲೆ ಹಗುರವಾಗಿ ಇಟ್ಟು, ಒತ್ತದೆ, ತಂತಿಯನ್ನು ಒರೆಸುವವರಂತೆ ಮೇಲೆ ಕೆಳಗೆ ಉದ್ದಕ್ಕೆ ಜಾರಿಸುವುದು. ಜಾರಿಕೆಯನ್ನು ಸ್ವಲ್ಪಸ್ವಲ್ಪವಾಗಿ ಕಿರಿದು ಮಾಡುತ್ತ ಬರುವುದು. ಕೊನೆಗೆ ಬೆರಳ ತುದಿ ಒಂದೇ ಜಾಗದಲ್ಲಿ ನಿಂತು, ಉಗುರಿನ ಹತ್ತಿರದ ಗೆಣ್ಣು ಮಾತ್ರ ಬಾಗಿ ನೆಟ್ಟಗಾಗುವುದು. ಈ ಗೆಣ್ಣೇ ಇಡೀ ವಿದ್ಯೆಯ ಇಕ್ಕಟ್ಟಿನ ಜಾಗ. ಕೈ ಎಷ್ಟೇ ಚೆನ್ನಾಗಿ ತೂಗಿದರೂ ಗೆಣ್ಣು ಬಾಗದಿದ್ದರೆ ಚಲನೆ ತಂತಿಯನ್ನು ತಲುಪುವುದಿಲ್ಲ. ವಾದ್ಯ ಅಲುಗುತ್ತದೆಯೇ ಹೊರತು ಸ್ವರ ಅಲುಗುವುದಿಲ್ಲ. ಎರಡನೆಯ ಮತ್ತು ಮೂರನೆಯ ಬೆರಳುಗಳು ಬೇಗ ಒಪ್ಪುತ್ತವೆ, ತೋರುಬೆರಳು ಕತ್ತಿಗೆ ಉಜ್ಜಿಕೊಂಡು ತಕರಾರು ಮಾಡುತ್ತದೆ, ಕಿರುಬೆರಳಂತೂ ಬಾಗಿದರೆ ಪೂರ್ತಿ ಕುಸಿಯುತ್ತದೆ, ಇಲ್ಲವಾದರೆ ನೆಟ್ಟಗೆ ನಿಂತುಬಿಡುತ್ತದೆ.

ಲೆಕ್ಕ ಬಂದಾಗ ಮಾತ್ರ ನಾನು ಸ್ವಲ್ಪ ನಿರಾಳವಾದೆ. ಲಯ ಬಡಿಯುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಒಂದು ಬಡಿತಕ್ಕೆ ಎರಡು ಸಲ, ಮೂರು ಸಲ, ನಾಲ್ಕು ಸಲ, ಕೊನೆಗೆ ಆರು ಸಲ ಕೈಯನ್ನು ತೂಗಬೇಕು. ಇದು ಕಾಲ ಮತ್ತು ನಡೆಗಳ ಅಭ್ಯಾಸವಲ್ಲದೆ ಮತ್ತೇನಲ್ಲ. ತಕ, ತಕಿಟ, ತಕಧಿಮಿ, ಆಮೇಲೆ ತಕಿಟ ತಕಿಟ. ಆ ಕೊನೆಯದು ಸೆಕೆಂಡಿಗೆ ಆರು ಆಂದೋಲನ. 1930ರ ದಶಕದಲ್ಲಿ ಅಮೆರಿಕದ ಅಯೋವ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಸೀಶೋರ್ ಮತ್ತು ಸಂಗಡಿಗರು ದೊಡ್ಡ ಕಲಾವಿದರ ಧ್ವನಿಮುದ್ರಣಗಳನ್ನು ಅಳೆದಾಗ ಗಾಯಕರಲ್ಲೂ ಪಿಟೀಲುವಾದಕರಲ್ಲೂ ಹೆಚ್ಚುಕಡಿಮೆ ಇದೇ ವೇಗ ಕಂಡಿತ್ತು. ಅಗಲದಲ್ಲಿ ಮಾತ್ರ ವ್ಯತ್ಯಾಸ, ಗಾಯಕರದು ಸುಮಾರು ಅರ್ಧ ಸ್ವರಾಂತರ, ಪಿಟೀಲಿನದು ಅದರ ಸುಮಾರು ಅರ್ಧ. ಆರರ ನಡೆಯನ್ನು ಮೃದಂಗದ ಪಾಠವಿಲ್ಲದೆಯೇ ತೊಡೆಯ ಮೇಲೆ ಹಾಕಬಲ್ಲ ನಮ್ಮ ಮಕ್ಕಳಿಗೆ ಈ ಭಾಗವಾದರೂ ಸಲೀಸು. ಲಷ್ಕರ್ ಮೊಹಲ್ಲಾದವರು ಇದನ್ನು ಕೇಳಿ ನಕ್ಕು, "ಲೆಕ್ಕ ನಿಮ್ಮದು ಸರಿ ಇದೆ, ಬಲಗೈ ಯಾಕೆ ಕುಣೀತಿದೆ?" ಎಂದರು. ಎಡಗೈ ತೂಗಿದಾಗ ಕಮಾನು ಹಿಡಿದ ಕೈಯೂ ಜೊತೆಗೆ ತೂಗತೊಡಗುವುದು, ಈ ವಿದ್ಯೆ ಕಲಿಯುವವರೆಲ್ಲರ ಪಾಡು.

ಹೋಗಿ ಬರುವ ಗಾಂಧಾರ

ಇಷ್ಟೆಲ್ಲ ಆದ ಮೇಲೂ ತಂಬೂರಿಯ ಮುಂದೆ ಬೆರಳು ನಿಲ್ಲುತ್ತಿದ್ದುದಕ್ಕೆ ಕಾರಣ ಹುಡುಕುತ್ತ ನಾನು ಅಗ್ರಹಾರದ ಓಣಿಯೊಂದರ ಹಳೆಯ ಮನೆಗೆ ಹಿಂದಿರುಗಬೇಕಾಯಿತು. ಅಲ್ಲಿನ ನಡುಮನೆಯಲ್ಲಿ ನಮ್ಮ ಮೇಷ್ಟ್ರು ಚಾಪೆಯ ಮೇಲೆ ಕುಳಿತು ಪಾಠ ಹೇಳುತ್ತಿದ್ದರು. ತೋಡಿ ರಾಗದ ವರ್ಣ ಹಿಡಿದಿದ್ದ ದಿನಗಳು. ತೋಡಿಯ ಗಾಂಧಾರ ಸುಮ್ಮನೆ ನಿಲ್ಲುವ ಸ್ವರವಲ್ಲ. ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗಿ, ಆ ತೂಗಾಟದಲ್ಲಿಯೇ ತಾನು ಯಾರೆಂದು ತೋರಿಸುವ ಸ್ವರ. ನನ್ನ ಬೆರಳು ಆ ದೂರ ಕ್ರಮಿಸಲು ಹೆದರಿ ನಿಂತಲ್ಲೇ ಚೂರು ಅದುರಿತು. ಮೇಷ್ಟ್ರು ಕಮಾನಿನ ತುದಿಯಿಂದ ನನ್ನ ಮಣಿಕಟ್ಟನ್ನು ಮುಟ್ಟಿ, "ಲೋ, ಅಲ್ಲೇ ನಿಂತು ನಡುಗಬೇಡ. ಮಧ್ಯಮದ ಹತ್ರ ಹೋಗಿ ಬಾ. ಗಾಂಧಾರ ಹೋಗಿ ಬರೋದ್ರಲ್ಲಿ ಇದೆ," ಎಂದರು. ತಾವೇ ನುಡಿಸಿ ತೋರಿಸಿದರು. ಅವರ ಬೆರಳು ಜಾರಿದ ದೂರ ನೋಡಿ ನನಗೆ ಆಶ್ಚರ್ಯವಾಗಿತ್ತು. ಕೇಳುವಾಗ ಒಂದೇ ಸ್ವರವೆನಿಸಿದ್ದು ತಂತಿಯ ಮೇಲೆ ಅಷ್ಟೊಂದು ಜಾಗ ತೆಗೆದುಕೊಳ್ಳುತ್ತಿತ್ತು.

ಆ ಮಾತು ನನ್ನ ಎಡಗೈಯಲ್ಲಿ ಕುಳಿತುಬಿಟ್ಟಿದೆ ಎಂದು ಈಗ ಅನ್ನಿಸುತ್ತದೆ. ಸ್ವರವನ್ನು ಹೀಗೆ ತೂಗುವ ಗಮಕಕ್ಕೆ ಕಂಪಿತವೆನ್ನುತ್ತಾರೆ; ನಮ್ಮ ಕಂಪಿತದಲ್ಲಿ ಚಲನೆಗೆ ಒಂದು ಗಮ್ಯವಿದೆ. ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕು, ಎಷ್ಟು ನಿಧಾನ, ಯಾವ ಕಡೆ ಒತ್ತು ಎಂಬುದೆಲ್ಲ ರಾಗದ ಕಟ್ಟಳೆ. ಭೈರವಿಯ ನಿಷಾದಕ್ಕೆ ಒಪ್ಪುವ ತೂಗು ಬೇರೆ ರಾಗದ ನಿಷಾದಕ್ಕೆ ಒಪ್ಪುವುದಿಲ್ಲ. ತೂಗಾಟವನ್ನು ತೆಗೆದರೆ ರಾಗವೇ ಹೋಯಿತು. ವೈಬ್ರಾಟೊದಲ್ಲಿ ಚಲನೆಗೆ ಗಮ್ಯವಿಲ್ಲ. ಬೆರಳು ಇನ್ನೊಂದು ಸ್ವರದತ್ತ ಹೋಗುವುದೇ ಇಲ್ಲ, ಹೋದರೆ ಅದು ಕೆಟ್ಟ ವೈಬ್ರಾಟೊ. ಅದನ್ನು ತೆಗೆದುಹಾಕಿದರೂ ಅದೇ ಹಾಡು, ಅದೇ ಸ್ವರ. ಬಣ್ಣ ಮಾತ್ರ ಬೇರೆಯಾಗುತ್ತದೆ. ಹಾಗೆಂದು ಅದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವಂತೆಯೂ ಇಲ್ಲ. ಪಿಟೀಲಿನ ಮರದ ಒಡಲು ಎಲ್ಲ ಆವರ್ತನಗಳಿಗೂ ಒಂದೇ ರೀತಿ ಮಿಡಿಯುವುದಿಲ್ಲ, ಕೆಲವಕ್ಕೆ ಜೋರಾಗಿ ಮಿಡಿಯುತ್ತದೆ, ಪಕ್ಕದಲ್ಲೇ ಇರುವ ಇನ್ನು ಕೆಲವಕ್ಕೆ ಮಂಕಾಗಿ. ಸ್ವರ ಕೂದಲೆಳೆಯಷ್ಟು ಮೇಲೆ ಕೆಳಗೆ ಆದಾಗ ಅದರೊಳಗಿನ ಉಪಸ್ವರಗಳು ಒಂದೊಂದೂ ಬೇರೆಬೇರೆಯಾಗಿ ಏರಿಳಿಯುತ್ತವೆ, ಆ ಏರಿಳಿತವೇ ನಮಗೆ ಜೀವಂತವೆಂದು ಕೇಳಿಸುತ್ತದೆ. ಅಂದರೆ ಅಲ್ಲಿ ಅಲುಗುತ್ತಿರುವುದು ಶ್ರುತಿಗಿಂತ ಹೆಚ್ಚಾಗಿ ನಾದದ ಗುಣ.

ಇಲ್ಲೊಂದು ಲೆಕ್ಕ ನನ್ನನ್ನು ಒಂದು ಸಂಜೆ ಪೂರ್ತಿ ಹಿಡಿದಿಟ್ಟಿತು. 13ನೆಯ ಶತಮಾನದ ಸಂಗೀತರತ್ನಾಕರದಲ್ಲಿ ಶಾರ್ಙ್ಗದೇವನು ಗಮಕವನ್ನು ಕೇಳುಗರ ಚಿತ್ತಕ್ಕೆ ಸುಖ ಕೊಡುವ ಸ್ವರಕಂಪನವೆಂದೇ ಹೇಳಿ, ಹದಿನೈದು ಬಗೆಗಳಲ್ಲಿ ಹಲವನ್ನು ವೇಗದಿಂದ, ದ್ರುತ ಲಘುಗಳೆಂಬ ಕಾಲಮಾನಗಳ ಲೆಕ್ಕದಲ್ಲಿ, ಬೇರ್ಪಡಿಸುತ್ತಾನೆ: ತಿರಿಪ ದ್ರುತದ ಕಾಲುಭಾಗ, ಸ್ಫುರಿತ ಮೂರನೆಯ ಒಂದು ಭಾಗ, ಕಂಪಿತ ಅರ್ಧ, ಲೀನ ಒಂದು ದ್ರುತ, ಆಂದೋಲಿತ ಒಂದು ಲಘು. ಲಘುವನ್ನು ಸುಮ್ಮನೆ ಒಂದು ಸೆಕೆಂಡೆಂದು ಇಟ್ಟುಕೊಂಡರೆ ದ್ರುತ ಅರ್ಧ ಸೆಕೆಂಡು, ಅದರ ಮೂರನೆಯ ಒಂದು ಭಾಗವಾದ ಸ್ಫುರಿತ ಸೆಕೆಂಡಿಗೆ ಸರಿಯಾಗಿ ಆರು ಬರುತ್ತದೆ. ನಮ್ಮ ಜಂಟಿವರಸೆಯ ಇಂದಿನ ಸ್ಫುರಿತಕ್ಕೂ ಇದಕ್ಕೂ ಸಂಬಂಧ ಕಡಿಮೆ. ಲಘುವಿನ ಅಳತೆಯೂ ನಾನು ಇಟ್ಟುಕೊಂಡದ್ದೇ. ಇದರಿಂದ ಏನನ್ನೂ ಸಾಧಿಸಲು ನಾನು ಹೊರಟಿಲ್ಲ. ಕಂಪನದ ವೇಗವನ್ನು ಇಷ್ಟು ನಯವಾಗಿ ವಿಂಗಡಿಸಿದ ಪರಂಪರೆಗೆ ವೇಗದ ಕಂಪನ ಅಪರಿಚಿತವಾಗಿರಲಿಲ್ಲ ಎಂಬಷ್ಟೇ ಮಾತು.

ಯಾರು ಎಷ್ಟು ಅಲುಗಿಸಿದರು

ಪಾಶ್ಚಾತ್ಯರಾದರೂ ಎಲ್ಲ ಕಾಲದಲ್ಲಿಯೂ ಎಲ್ಲ ಸ್ವರಗಳನ್ನೂ ಅಲುಗಿಸುತ್ತಿದ್ದರೆಂದು ತಿಳಿಯಬೇಕಾಗಿಲ್ಲ. 1751ರಲ್ಲಿ ಇಟಲಿಯ ಪಿಟೀಲುವಾದಕ ಜೆಮಿನಿಯಾನಿ ಇದನ್ನು ಆದಷ್ಟು ಹೆಚ್ಚಾಗಿ ಬಳಸಿ ಎಂದು ಬರೆದರೆ, ಐದು ವರ್ಷಗಳ ತರುವಾಯ, ಪ್ರಸಿದ್ಧ ಮೊಜಾರ್ಟ್‌ನ ತಂದೆ ಲಿಯೊಪೋಲ್ಡ್ ಮೊಜಾರ್ಟ್, ಪಾರ್ಶ್ವವಾಯು ಬಡಿದವರಂತೆ ಪ್ರತಿ ಸ್ವರಕ್ಕೂ ನಡುಗುವವರನ್ನು ಗೇಲಿ ಮಾಡಿದ. ಇದನ್ನು ಓದಿದಾಗ ನಮ್ಮ ಮೇಷ್ಟ್ರ ನೆನಪಾಗಿ ನಕ್ಕೆ. ಹತ್ತೊಂಬತ್ತನೆಯ ಶತಮಾನದ ದೊಡ್ಡ ವಾದಕ ಯೋಆಖಿಮ್‌ನ 1903ರ ಧ್ವನಿಮುದ್ರಣಗಳಲ್ಲಿ ವೈಬ್ರಾಟೊ ಎಷ್ಟು ಕಡಿಮೆಯೆಂದರೆ ಇಂದಿನ ಕಿವಿಗೆ ಅದು ಬೋಳಾಗಿ ಕೇಳುತ್ತದೆ. ಪಿಟೀಲುವಾದಕ ಕ್ರೈಸ್ಲರ್‌ನ ಪೀಳಿಗೆಯಿಂದೀಚೆಗೆ ಅದು ನಿರಂತರವಾಯಿತು. 1921ರ ತನ್ನ ಪುಸ್ತಕದಲ್ಲಿ ಪಿಟೀಲು ಗುರು ಲಿಯೊಪೋಲ್ಡ್ ಔವರ್ ಈ ಚಟವನ್ನು ಕಟುವಾಗಿ ಬೈದರೂ, ಹೈಫೆಟ್ಜ್ ಮೊದಲಾದ ಆತನ ಶಿಷ್ಯರೇ ಆ ನಿರಂತರ ವೈಬ್ರಾಟೊವನ್ನು ಜಗತ್ತಿಗೆಲ್ಲ ಹರಡಿದರು. ಗ್ರಾಮಾಫೋನು, ಲೋಹದ ತಂತಿ, ದೊಡ್ಡ ಸಭಾಂಗಣ ಎಂದು ಇದಕ್ಕೆ ಹಲವರು ಹಲವು ಕಾರಣ ಹೇಳುತ್ತಾರೆ. ದೊಡ್ಡ ಸಭೆಗೆ ಕೇಳಿಸಬೇಕೆಂಬ ಕಷ್ಟ ನಮ್ಮ ತಿರುಮಕೂಡಲಿನ ಚೌಡಯ್ಯನವರಿಗೂ ಇತ್ತು. ಅವರು ಬೆರಳನ್ನು ಅಲುಗಿಸುವ ಬದಲು ತಂತಿಗಳನ್ನು ಹೆಚ್ಚಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಒಂದೇ ತೊಂದರೆಗೆ ಎರಡು ಊರುಗಳು ಎರಡು ದಾರಿ ಹಿಡಿದವು.

ಮೈಸೂರಿನ ಅರಮನೆ ಈ ಎರಡೂ ದಾರಿಗಳಿಗೆ ಜಾಗ ಕೊಟ್ಟಿತ್ತೆಂಬುದು ಊರಿನವರಿಗೆ ಹೇಳಬೇಕಾದ ವಿಷಯವಲ್ಲ. ಅದರಲ್ಲಿ ಒಂದು ಸಂಗತಿ ಮಾತ್ರ ನನ್ನ ಅಭ್ಯಾಸಕ್ಕೆ ನೇರವಾಗಿ ಸಂಬಂಧಿಸಿದ್ದು. 1950ರ ಮೇ 22ರಂದು ಲಂಡನ್ನಿನಲ್ಲಿ ಜರ್ಮನಿಯ ಸಂಗೀತರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ನುಡಿದಾಗ ಅದರ ಖರ್ಚಿಗೆ ಖಾತರಿ ನಿಂತವರು ಜಯಚಾಮರಾಜ ಒಡೆಯರು. ಆ ನಾಲ್ಕರಲ್ಲಿ ನಿದ್ದೆಗೆ ಹೊರಡುವ ಹೊತ್ತಿನ ಹಾಡೊಂದಿದೆ. ಅದರ ನಡುವೆ ಗಾಯಕಿ ಸುಮ್ಮನಾಗಿ, ಒಂಟಿ ಪಿಟೀಲು ದೀರ್ಘವಾದ ಒಂದು ಧಾಟಿಯನ್ನು ಎತ್ತುತ್ತದೆ, ತರುವಾಯ ಅದನ್ನೇ ಗಾಯಕಿ ಮುಂದುವರಿಸುತ್ತಾಳೆ. ವೈಬ್ರಾಟೊ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಆ ಭಾಗವನ್ನು ಹಾಕಿ ಕೇಳಿಸುತ್ತೇನೆ. ಪಿಟೀಲಿನ ನಾದವೂ ಹೆಂಗಸಿನ ಕಂಠವೂ ಒಂದರೊಳಗೊಂದು ಸೇರುವುದು ಎರಡರಲ್ಲೂ ಇರುವ ಆ ಒಂದೇ ವೇಗದ ಕಂಪನದಿಂದ. ಬೋಳು ಸ್ವರದಲ್ಲಿ ನುಡಿಸಿದ್ದರೆ ಆ ಬೆಸುಗೆ ಬೀಳುತ್ತಿರಲಿಲ್ಲ.

ಶ್ರುತಿಯ ಸಾಕ್ಷಿ

ಆ ಹಾಡಿನಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವೇ ನನ್ನ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿತು. ಪಿಟೀಲಿನ ಅಡಿಯಲ್ಲಿ ಇಡೀ ವಾದ್ಯವೃಂದ ನುಡಿಯುತ್ತಿದೆ, ಆದರೆ ಕ್ಷಣಕ್ಷಣಕ್ಕೂ ಅದರ ಸ್ವರಮೇಳ ಬದಲಾಗುತ್ತಿದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಷಡ್ಜವನ್ನು ಹಿಡಿದು ನಿಂತವರು ಅಲ್ಲಿ ಯಾರೂ ಇಲ್ಲ, ಮತ್ತು ನಿಂತಿರುವ ಇತರ ತಂತಿವಾದ್ಯಗಳೂ ತಮ್ಮ ತಮ್ಮ ರೀತಿಯಲ್ಲಿ ಅಲುಗುತ್ತಿವೆ. ತಂಬೂರಿ ಹಾಗಲ್ಲ. ಅದು ಅಲುಗದೆ ನಿಂತ ಸಾಕ್ಷಿ. ಅದರ ಷಡ್ಜದ ಮೇಲೆ ನಾನು ನನ್ನ ಷಡ್ಜವನ್ನು ಇಟ್ಟು ಕೈ ತೂಗಿದೊಡನೆ ಎರಡು ನಾದಗಳ ನಡುವೆ ತಾಕಲಾಟ ಹುಟ್ಟಿ, ಊಂ ಊಂ ಎಂದು ಅಲೆಅಲೆಯಾಗಿ ಕೇಳುತ್ತದೆ. ಶ್ರುತಿ ಸೇರಿಲ್ಲ ಎಂದು ಬಾಲ್ಯದಲ್ಲಿ ಬೈಸಿಕೊಂಡದ್ದು ಇದೇ ಶಬ್ದಕ್ಕೆ. ಷಡ್ಜ ಪಂಚಮಗಳು ಅಚಲಸ್ವರಗಳು, ಅವಕ್ಕೆ ಕಂಪಿತವಿಲ್ಲ ಎಂಬ ನಿಯಮವನ್ನು ನಾನು ಶಾಸ್ತ್ರದ ಮಾತೆಂದು ಬಾಯಿಪಾಠ ಮಾಡಿದ್ದೆ. ಅದರ ಹಿಂದೆ ತಂಬೂರಿಯ ಎರಡು ತಂತಿಗಳು ನಿಂತಿವೆ ಎಂಬುದು ವೈಬ್ರಾಟೊ ಕಲಿಯಹೊರಟಾಗ ಕಿವಿಗೆ ಬಿತ್ತು. ಬೆರಳು ನಿಲ್ಲುತ್ತಿದ್ದುದು ಆ ಕಿವಿಯ ಅಪ್ಪಣೆಯಿಂದ.

ಇದನ್ನು ಲಷ್ಕರ್ ಮೊಹಲ್ಲಾದವರ ಮುಂದೆ ಹೇಳಿದಾಗ ಅವರು ಶ್ರುತಿಪೆಟ್ಟಿಗೆಯನ್ನು ತರಲು ಹೇಳಿದರು. ಅವರ ಪಾಠದ ಕೋಣೆಯಲ್ಲಿ ತಂಬೂರಿ ನುಡಿದದ್ದು ಬಹುಶಃ ಅದೇ ಮೊದಲು. ಅದನ್ನು ಸ್ವಲ್ಪ ಹೊತ್ತು ಕೇಳಿ, ಡಿ ತಂತಿಯಲ್ಲಿ ಎರಡನೆಯ ಬೆರಳಿಟ್ಟು, ನಮ್ಮ ಲೆಕ್ಕದ ಅಂತರ ಗಾಂಧಾರವನ್ನು ಮೊದಲು ಬೋಳಾಗಿ ಎಳೆದರು. ಅದು ತಂಬೂರಿಯೊಂದಿಗೆ ಕೂಡಿದ ಮೇಲೆ, ಬೆರಳನ್ನು ಹಿಂದಕ್ಕೆ, ಸುರುಳಿಯ ಕಡೆಗೆ ಮಾತ್ರ, ತುಸು ಮಗುಚಿ ಮತ್ತೆ ಸ್ವರಕ್ಕೆ ತಂದರು. "ಕೆಳಗೆ ಹೋಗಿ ಬನ್ನಿ, ಮೇಲಕ್ಕೆ ದಾಟಬೇಡಿ. ಮೇಲೆ ಹೋದರೆ ಇದು ಹೇಳುತ್ತೆ," ಎಂದು ಪೆಟ್ಟಿಗೆಯತ್ತ ಗದ್ದ ತೋರಿಸಿದರು. ಅಲುಗುವ ಸ್ವರದ ಸರಾಸರಿಯನ್ನೇ ಕಿವಿ ಸ್ವರಸ್ಥಾನವೆಂದು ಹಿಡಿಯುತ್ತದೆ ಎಂದು ಪ್ರಯೋಗ ಮಾಡಿದವರು ಹೇಳುತ್ತಾರೆ. ಪಾಠ ಹೇಳುವವರು ಬಹುಪಾಲು ಕೆಳಗಿನಿಂದಲೇ ಎನ್ನುತ್ತಾರೆ. ಅವರಿಬ್ಬರ ವ್ಯಾಜ್ಯ ಏನೇ ಇರಲಿ, ತಂಬೂರಿಯನ್ನು ಹಾಕಿಕೊಂಡು ಅಭ್ಯಾಸ ಮಾಡಿದಾಗ ಅಗಲ ತಾನಾಗಿ ಕಿರಿದಾಗುತ್ತದೆ. ಕೈ ತೂಗುವುದನ್ನು ಗೋಡೆಯ ಬಳಿ ಕಲಿತ ಮೇಲೆ ಎಷ್ಟು ತೂಗಬೇಕೆಂಬುದನ್ನು ಕಲಿಸಲು ಇದಕ್ಕಿಂತ ಕಟ್ಟುನಿಟ್ಟಾದ ಗುರುವಿಲ್ಲ. ಮೇಲಿನ ಸ್ಥಾಯಿಗೆ ಹೋದಂತೆ ಇದು ಇನ್ನೂ ಬೇಕಾಗುತ್ತದೆ. ಪಿಟೀಲಿನ ನುಡಿಯುವ ತಂತಿ ಸುಮಾರು 33 ಸೆಂಟಿಮೀಟರ್ ಉದ್ದ. ಅದರ ಬುಡದಲ್ಲಿ ಮೊದಲ ಅರ್ಧ ಸ್ವರಾಂತರಕ್ಕೆ ಸುಮಾರು 18 ಮಿಲಿಮೀಟರ್ ಜಾಗ ಸಿಕ್ಕರೆ ಒಂದು ಸ್ಥಾಯಿ ಮೇಲೆ ಅದರ ಅರ್ಧ. ಕೆಳಗೆ ಹಿತವೆನಿಸಿದ ಅದೇ ಬೆರಳ ಮಗುಚುವಿಕೆ ಮೇಲೆ ಕುರಿಯ ದನಿಯಂತೆ ಒದರುತ್ತದೆ.

ಈಗ ಉಳಿದಿರುವುದು ಇವೆರಡನ್ನೂ ಎಲ್ಲಿ ಸೇರಿಸಬಹುದು ಎಂಬ ಪ್ರಶ್ನೆ. ತೋಡಿಗೆ ವೈಬ್ರಾಟೊ ತರುವುದು ನನಗೆ ಸಮ್ಮತವಿಲ್ಲ, ಕಚೇರಿಗಳಲ್ಲಿ ಕೆಲವರು ಕೃತಿಯ ಕೊನೆಯ ಷಡ್ಜವನ್ನು ಅಲುಗಿಸಿ ಚಪ್ಪಾಳೆ ಗಿಟ್ಟಿಸುವುದಂತೂ ಖಂಡಿತ ಇಲ್ಲ. ಆದರೆ ನೊಟ್ಟುಸ್ವರಗಳಿವೆಯಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ, ಶಂಕರಾಭರಣದ ಸ್ವರಗಳಲ್ಲಿ ಗಮಕವಿಲ್ಲದೆ ನಡೆಯುವ ಆ ಪುಟ್ಟ ರಚನೆಗಳನ್ನು ನಮ್ಮ ಊರಿನ ಮಕ್ಕಳೆಲ್ಲ ಕಲಿಯುತ್ತಾರೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಮದರಾಸಿನಲ್ಲಿ ಐರೋಪ್ಯರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದವರು. ಈ ನೊಟ್ಟುಸ್ವರಗಳನ್ನು ಲಷ್ಕರ್ ಮೊಹಲ್ಲಾದವರು ಪ್ರತಿ ದೀರ್ಘಸ್ವರಕ್ಕೂ ವೈಬ್ರಾಟೊ ಕೊಟ್ಟು ನುಡಿಸುತ್ತಾರೆ, ನಮ್ಮ ಮನೆಯ ಮಕ್ಕಳು ಬೋಳಾಗಿ ನುಡಿಸುತ್ತಾರೆ. ನನ್ನ ಅಭ್ಯಾಸದಲ್ಲಿ ನಾನು ಗಾಂಧಾರ ಧೈವತಗಳಿಗೆ ಮಾತ್ರ ಕಿರಿದಾದ ವೈಬ್ರಾಟೊ ಕೊಟ್ಟು, ಷಡ್ಜ ಪಂಚಮಗಳನ್ನು ತಂಬೂರಿಗೆ ಬಿಟ್ಟಿದ್ದೇನೆ. ಇದು ಜಿಪುಣತನವೆಂದು ಅವರ ಅಭಿಪ್ರಾಯ. ನನಗೆ ಇದರಲ್ಲಿ ಒಂದು ಅನುಕೂಲವೂ ಇದೆ: ಡಿ ತಂತಿಯನ್ನು ಷಡ್ಜವಾಗಿ ಹಿಡಿದರೆ ಅದರ ಮೇಲಿನ ಗಾಂಧಾರ ಬರುವುದು ಹೇಳಿದ ಮಾತು ಕೇಳುವ ಎರಡನೆಯ ಬೆರಳಿಗೆ, ಪಂಚಮ ಬರುವುದು ಇನ್ನೂ ಬಾಗಲೊಲ್ಲದ ಕಿರುಬೆರಳಿಗೆ.